ವಿಂಡೋಸ್ 11 ಹಾಕಿದ ಮೇಲೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ನಿಲ್ಲೋದೇ ಇಲ್ಲ

ಪಿಜೆ_ಸ್ಟುಡಿಯೊ (ದಾವಣಗೆರೆ)

ಫೋಟೊ, ವಿಡಿಯೊ ಎಡಿಟಿಂಗ್‌ನ ಡೆಸ್ಕ್‌ಟಾಪ್. ಅಕ್ಟೋಬರ್ 2025ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತಲ್ಲ, ಹಳೇದರ ಮೇಲೆಯೇ 11ಕ್ಕೆ ಅಪ್‌ಗ್ರೇಡ್ ಆಗಿದೆ, ಫಾರ್ಮ್ಯಾಟ್ ಮಾಡಿಲ್ಲ. ಒಳಗಿರೋದು ಎಸ್‌ಎಸ್‌ಡಿ ಮಾತ್ರ. ಹೊರಗೆ ಎರಡು ಡಿಸ್ಕ್ ಇವೆ.

ಇ: ಡ್ರೈವ್ 3.5 ಇಂಚು, 8 ಟಿಬಿ, ಅದಕ್ಕೆ ಬೇರೆ 12 ವೋಲ್ಟ್ ಅಡಾಪ್ಟರ್. ಹಳೇ ಮದುವೆ ಆಲ್ಬಮ್‌ಗಳ ಬ್ಯಾಕಪ್, ದಿನಕ್ಕೆ ಒಂದೆರಡು ಸಲ ಬೇಕಾದರೆ ಹೆಚ್ಚು.
ಎಫ್: ಡ್ರೈವ್ 2.5 ಇಂಚು, 2 ಟಿಬಿ, ಯುಎಸ್‌ಬಿ ಕೇಬಲ್‌ನಿಂದಲೇ ಪವರ್. ಗಿರಾಕಿಗಳಿಗೆ ಕೊಡೋ ಫೈಲುಗಳು ಇದರಲ್ಲಿ. ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ ಹಾಕಿದೆ.

ಮೊದಲು 20 ನಿಮಿಷ ಮುಟ್ಟದಿದ್ದರೆ ಎರಡೂ ತಾವೇ ನಿಲ್ಲುತ್ತಿದ್ದವು. ಈಗ ಬೆಳಗ್ಗೆ ಆನ್ ಮಾಡಿದ್ದು ರಾತ್ರಿ ಅಂಗಡಿ ಮುಚ್ಚೋವರೆಗೂ ಗುಂಯ್ ಅಂತಾನೇ ಇರುತ್ತೆ. ಇ: ಡಬ್ಬಿ ಮೇಲೆ ಕೈ ಇಡೋಕೆ ಆಗದಷ್ಟು ಬಿಸಿ. ಎಫ್: ಲೈಟ್ ಕೆಲವು ಸೆಕೆಂಡಿಗೊಮ್ಮೆ ಮಿಣುಕುತ್ತೆ, ಕಂಪ್ಯೂಟರ್ ಶಟ್‌ಡೌನ್ ಮಾಡಿದ ಮೇಲೂ ಅದರ ಲೈಟ್ ಆರಲ್ಲ.

ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ 15 ನಿಮಿಷಕ್ಕೆ ಇಟ್ಟಾಯ್ತು, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎನೇಬಲ್ ಆಗಿದೆ. ಏನೂ ವ್ಯತ್ಯಾಸ ಇಲ್ಲ. ಎಲ್ಲಿ ನೋಡಬೇಕು? ಹೀಗೇ ಇಡೀ ದಿನ ತಿರುಗಿದರೆ ಡಿಸ್ಕಿಗೆ ತೊಂದರೆನಾ? ಬೇಸಿಗೆ ಬೇರೆ ಬಂತು.


ಕೋಟೆಬೀದಿ (ಚಿತ್ರದುರ್ಗ)

ಮೂರು ಬೇರೆ ಬೇರೆ ಟೈಮರ್‌ಗಳು ಇಲ್ಲಿ ಕಲೆತು ಹೋಗಿವೆ, ಮೊದಲು ಅವನ್ನ ಬಿಡಿಸಿಕೊಳ್ಳಿ.

ಸೆಟ್ಟಿಂಗ್ಸ್‌ನಲ್ಲಿ ನೀವು 15 ನಿಮಿಷಕ್ಕೆ ಇಟ್ಟಿದ್ದು ಇಡೀ ಕಂಪ್ಯೂಟರ್ ಮಲಗೋ ಟೈಮರ್. ಎಡಿಟಿಂಗ್ ನಡೀತಿರುವಾಗ ಅದು ಬರೋದೇ ಇಲ್ಲ. ಸೆಲೆಕ್ಟಿವ್ ಸಸ್ಪೆಂಡ್ ಯುಎಸ್‌ಬಿ ಲಿಂಕಿಗೆ ಸಂಬಂಧಪಟ್ಟಿದ್ದು, ಡಿಸ್ಕಿನ ಮೋಟರನ್ನ ನಿಲ್ಲಿಸೋ ಆಜ್ಞೆ ಅಲ್ಲ. ನಿಮಗೆ ಬೇಕಾಗಿರೋದು ಮೂರನೇದು, ಅದು ಹೊಸ ಸೆಟ್ಟಿಂಗ್ಸ್ ಪರದೆಯಲ್ಲಿ ಇಲ್ಲವೇ ಇಲ್ಲ. ಹಳೇ ಕಂಟ್ರೋಲ್ ಪ್ಯಾನೆಲ್ಲಿಗೇ ಹೋಗಬೇಕು:

ಕಂಟ್ರೋಲ್ ಪ್ಯಾನೆಲ್ → ಹಾರ್ಡ್‌ವೇರ್ ಅಂಡ್ ಸೌಂಡ್ → ಪವರ್ ಆಪ್ಷನ್ಸ್ → ಆಯ್ಕೆಯಾಗಿರೋ ಪ್ಲಾನ್ ಪಕ್ಕದ ಚೇಂಜ್ ಪ್ಲಾನ್ ಸೆಟ್ಟಿಂಗ್ಸ್ → ಚೇಂಜ್ ಅಡ್ವಾನ್ಸ್‌ಡ್ ಪವರ್ ಸೆಟ್ಟಿಂಗ್ಸ್ → ಹಾರ್ಡ್ ಡಿಸ್ಕ್ → ಟರ್ನ್ ಆಫ್ ಹಾರ್ಡ್ ಡಿಸ್ಕ್ ಆಫ್ಟರ್.

ಬ್ಯಾಲೆನ್ಸ್‌ಡ್ ಪ್ಲಾನಲ್ಲಿ ಕರೆಂಟಿಗೆ ಹಾಕಿದ್ದಾಗ ಇದು 20 ನಿಮಿಷ ಇರುತ್ತೆ, ನಿಮ್ಮ ಹಳೇ 20 ನಿಮಿಷ ಬಂದಿದ್ದು ಇಲ್ಲಿಂದಲೇ. ಅಪ್‌ಗ್ರೇಡ್ ಆದಾಗ ಪ್ಲಾನ್ ಬದಲಾಗಿರಬಹುದು, ಇಲ್ಲಾಂದ್ರೆ ಗೇಮಿಂಗ್, ಎಡಿಟಿಂಗ್‌ಗೆ ಅಂತ ಯಾವುದೋ ಸಾಫ್ಟ್‌ವೇರ್ ತನ್ನದೇ ಪ್ಲಾನ್ ಕೂರಿಸಿರಬಹುದು. ಅಲ್ಲಿ ‘ನೆವರ್’ ಅಂತ ಇದ್ದರೆ ಕಥೆ ಅಲ್ಲೇ ಮುಗೀತು.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಹಾರ್ಡ್ ಡಿಸ್ಕ್ ಅನ್ನೋ ಸಾಲೇ ಕಾಣಲ್ಲ. ಆಗ ಟರ್ಮಿನಲ್ಲನ್ನ ಅಡ್ಮಿನ್ ಆಗಿ ತೆರೆದು ಕಮಾಂಡ್ ಕೊಡಿ. ಇಂಗ್ಲಿಷ್ ಅಕ್ಷರದಲ್ಲಿ, ‘ಪವರ್’ ಬರೆದು ಜಾಗ ಬಿಡದೆ ‘ಸಿಎಫ್‌ಜಿ’, ಒಂದು ಸ್ಪೇಸ್, ಸ್ಲ್ಯಾಶ್ ಹಾಕಿ ‘ಚೇಂಜ್’, ಸ್ಪೇಸ್, ‘ಡಿಸ್ಕ್-ಟೈಮ್‌ಔಟ್-ಎಸಿ’, ಸ್ಪೇಸ್, 20. ಕೊನೇ ಅಂಕಿ ನಿಮಿಷಗಳಲ್ಲಿ, 0 ಕೊಟ್ಟರೆ ಯಾವತ್ತೂ ನಿಲ್ಲಲ್ಲ ಅಂತ ಅರ್ಥ. ಬ್ಯಾಟರಿ ಮೇಲಿದ್ದಾಗಿನದಕ್ಕೆ ಎಸಿ ಬದಲು ಡಿಸಿ.

ಪರೀಕ್ಷೆಗೆ ಮಾತ್ರ ಅದನ್ನ 3 ನಿಮಿಷಕ್ಕೆ ಇಳಿಸಿ, ಎಲ್ಲ ಪ್ರೋಗ್ರಾಂ ಮುಚ್ಚಿ, ಡಬ್ಬಿ ಮೇಲೆ ಬೆರಳ ತುದಿ ಇಟ್ಟು ಕಾಯಿರಿ. ಲೈಟ್ ನಂಬಬೇಡಿ, ಕೆಲವು ಡಬ್ಬಿಗಳಲ್ಲಿ ಮೋಟರ್ ನಿಂತ ಮೇಲೂ ಲೈಟ್ ಉರೀತಾ ಇರುತ್ತೆ. ಅದುರು ನಿಂತರೆ ನಿಂತಿದೆ, ಅಷ್ಟೆ. ದಿಸ್ ಪಿಸಿ ತೆರೆದು ‘ಮಲಗ್ತಾ’ ಅಂತ ನೋಡೋಕೆ ಹೋಗಬೇಡಿ, ನೋಡೋಕೆ ಹೋದ ಕ್ಷಣಕ್ಕೇ ಎದ್ದು ಕೂರುತ್ತೆ.


ಬೆಣ್ಣೆದೋಸೆ_ಬಿಟ್ (ದಾವಣಗೆರೆ)

ಟೈಮರ್ ಸರಿ ಇದ್ದೂ ನಿಲ್ಲದಿದ್ದರೆ ಯಾವನೋ ಡಿಸ್ಕನ್ನ ಮುಟ್ತಾ ಇದ್ದಾನೆ ಅಂತ. ಒಂದು ಚಿಕ್ಕ ಓದು, ಒಂದು ಚಿಕ್ಕ ಬರಹ ಆದರೂ 20 ನಿಮಿಷದ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಅಂದಾಜಲ್ಲಿ ಒಂದೊಂದೇ ಸರ್ವಿಸ್ ಆಫ್ ಮಾಡ್ತಾ ಹೋಗೋದಕ್ಕಿಂತ ಕಳ್ಳನ್ನ ಹಿಡೀರಿ.

ಟಾಸ್ಕ್‌ಬಾರಿನ ಹುಡುಕಾಟದಲ್ಲಿ ರಿಸೋರ್ಸ್ ಮಾನಿಟರ್ ಅಂತ ಬರೆದು ತೆರೆಯಿರಿ → ಡಿಸ್ಕ್ ಟ್ಯಾಬ್ → ಡಿಸ್ಕ್ ಆಕ್ಟಿವಿಟಿ. ಫೈಲ್ ಅನ್ನೋ ಕಾಲಂ ತಲೆ ಮೇಲೆ ಒಂದು ಸಲ ಒತ್ತಿದರೆ ಡ್ರೈವ್ ಅಕ್ಷರದ ಪ್ರಕಾರ ಸಾಲಾಗುತ್ತೆ. ಇ: ಅಥವಾ ಎಫ್: ಇಂದ ಶುರುವಾಗೋ ಸಾಲಿನ ಎಡಕ್ಕೆ ಪ್ರೋಗ್ರಾಂ ಹೆಸರು ಇರುತ್ತೆ. ಒಂದು ಅರ್ಧ ಗಂಟೆ ತೆರೆದಿಡಿ. ಅಪ್‌ಗ್ರೇಡ್ ಆದ ಮೇಲೆ ಸಿಕ್ಕಿಬೀಳೋರು ಸಾಮಾನ್ಯವಾಗಿ ಇವರೇ:

ಸರ್ಚ್ ಇಂಡೆಕ್ಸರ್, ಅಂದ್ರೆ ಹುಡುಕಾಟ ಬೇಗ ಆಗಲಿ ಅಂತ ಫೈಲುಗಳ ಪಟ್ಟಿ ಕಟ್ಟೋದು. ಅಪ್‌ಗ್ರೇಡ್ ಆದ ಮೇಲೆ ಆ ಪಟ್ಟಿಯನ್ನ ಮೊದಲಿಂದ ಕಟ್ಟಲು ಕೂರಬಹುದು, ಲಕ್ಷಗಟ್ಟಲೆ ಫೋಟೊ ಇದ್ದರೆ ಅದು ದಿನಗಟ್ಟಲೆ ಕೆಲಸ. ಸೆಟ್ಟಿಂಗ್ಸ್ → ಪ್ರೈವಸಿ ಅಂಡ್ ಸೆಕ್ಯುರಿಟಿ ಒಳಗೆ ಸರ್ಚಿಂಗ್ ವಿಂಡೋಸ್ ಇದೆ. ಅಲ್ಲಿ ‘ಎನ್‌ಹಾನ್ಸ್‌ಡ್’ ಇದ್ದರೆ ಇಡೀ ಕಂಪ್ಯೂಟರನ್ನ ಜಾಲಾಡುತ್ತೆ, ‘ಕ್ಲಾಸಿಕ್’ ಮಾಡಿ. ಕ್ಲಾಸಿಕ್ ಇದ್ದರೂ ಒಂದು ಗಮನಿಸಿ: ಇ: ಒಳಗಿನ ಯಾವುದಾದರೂ ಫೋಲ್ಡರನ್ನ ಪಿಕ್ಚರ್ಸ್ ಲೈಬ್ರರಿಗೆ ಸೇರಿಸಿದ್ದರೆ ಅದೂ ಇಂಡೆಕ್ಸ್ ಆಗುತ್ತೆ. ಸ್ಟುಡಿಯೊ ಕಂಪ್ಯೂಟರ್‌ಗಳಲ್ಲಿ ಇದು ಇದ್ದೇ ಇರುತ್ತೆ. ಇಂಡೆಕ್ಸಿಂಗ್ ಆಪ್ಷನ್ಸ್ → ಮಾಡಿಫೈನಲ್ಲಿ ಇ: ಮುಂದಿನ ಟಿಕ್ ತೆಗೀರಿ.

ಫೈಲ್ ಹಿಸ್ಟರಿ, ವಿಂಡೋಸ್‌ನದೇ ಬ್ಯಾಕಪ್. ಆನ್ ಇದ್ದರೆ ಗಂಟೆಗೊಮ್ಮೆ ಬರೆಯುತ್ತೆ. ಅದನ್ನ ದಿನಕ್ಕೊಮ್ಮೆ ಮಾಡಬಹುದು.

ಆಂಟಿವೈರಸ್ ಸ್ಕ್ಯಾನ್, ವಾರಕ್ಕೊಮ್ಮೆಯ ಆಪ್ಟಿಮೈಜ್ ಡ್ರೈವ್ಸ್. ಇವು ಬಂದು ಹೋಗೋವು, ದಿನವಿಡೀ ಎಬ್ಬಿಸಿಡಲ್ಲ. ತಲೆ ಕೆಡಿಸ್ಕೋಬೇಡಿ.

ಫೋಟೊ ಕ್ಯಾಟಲಾಗ್ ಸಾಫ್ಟ್‌ವೇರ್. ಆಟೊ ಇಂಪೋರ್ಟ್‌ಗೆ ಅಂತ ಒಂದು ಫೋಲ್ಡರ್ ಕಾಯೋಕೆ ಹೇಳಿದ್ದು ಎಫ್: ಮೇಲೆ ಇದ್ದರೆ ಅದು ಸಾಫ್ಟ್‌ವೇರ್ ತೆರೆದಿರೋವರೆಗೂ ಬಿಡಲ್ಲ. ಕ್ಯಾಶ್ (ತಾತ್ಕಾಲಿಕ ಫೈಲುಗಳ) ಫೋಲ್ಡರ್ ಕೂಡ ಎಸ್‌ಎಸ್‌ಡಿ ಮೇಲೇ ಇರಲಿ.

ಇನ್ನೊಂದು, ಬಹಳ ಜನ ಇದರಲ್ಲೇ ಎಡವೋದು. ಡಿಸ್ಕ್ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಥರದ್ದು ಗಡಿಯಾರದ ಪಕ್ಕ ಕೂತಿದ್ದರೆ ಆಗಾಗ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳೋ ಲೆಕ್ಕ) ಕೇಳ್ತಾ ಇರುತ್ತೆ, ತಾನಾಗಿ ಇಟ್ಟಿರೋದು 10 ನಿಮಿಷಕ್ಕೊಮ್ಮೆ. ಅದು ಫೈಲ್ ಓದೋದಲ್ಲ, ನೇರ ಡಿಸ್ಕಿಗೆ ಹೋಗೋ ಪ್ರಶ್ನೆ, ಹಾಗಾಗಿ ರಿಸೋರ್ಸ್ ಮಾನಿಟರಲ್ಲಿ ಕಾಣೋದೇ ಇಲ್ಲ. ಪಟ್ಟಿ ಖಾಲಿ ಇದ್ದೂ ಡಿಸ್ಕ್ ನಿಲ್ಲದಿದ್ದರೆ ಮೊದಲ ಅನುಮಾನ ಇದರ ಮೇಲೆ. ಆಟೊ ರಿಫ್ರೆಶ್ ಆಫ್ ಮಾಡಿ, ಬೇಕಾದಾಗ ತೆರೆದು ನೋಡಿ.

ಪವರ್‌ಸಿಎಫ್‌ಜಿಗೆ ‘ರಿಕ್ವೆಸ್ಟ್ಸ್’ ಅಂತ ಕೊಟ್ಟು ನೋಡಿ ಅಂತ ಎಲ್ಲ ಕಡೆ ಬರೆದಿರ್ತಾರೆ. ಅದು ಕಂಪ್ಯೂಟರ್ ಮಲಗೋದನ್ನ ತಡೀತಿರೋದು ಯಾರು ಅಂತ ಹೇಳುತ್ತೆ, ಡಿಸ್ಕಿನ ವಿಷಯ ಅಲ್ಲ.


ಪಿಜೆ_ಸ್ಟುಡಿಯೊ (ದಾವಣಗೆರೆ)

ಧನ್ಯವಾದ. ನೋಡಿದ್ದು ಇಷ್ಟು: ಪ್ಲಾನ್ ‘ಹೈ ಪರ್ಫಾರ್ಮೆನ್ಸ್’ ಆಗಿ, ಹಾರ್ಡ್ ಡಿಸ್ಕ್ ‘ನೆವರ್’ ಇತ್ತು. 20ಕ್ಕೆ ಹಾಕಿದೆ. ಇ: ಮೇಲೆ ಸರ್ಚ್ ಇಂಡೆಕ್ಸರ್ ಸಾಲು ಸಾಲು, ಲೈಬ್ರರಿಯಲ್ಲಿ ಆಲ್ಬಮ್ ಫೋಲ್ಡರ್ ಇತ್ತು, ತೆಗೆದೆ. ಈಗ ಇ: ನಿಲ್ಲುತ್ತೆ.

ಎಫ್: ಮಾತ್ರ ಇಲ್ಲ. ರಿಸೋರ್ಸ್ ಮಾನಿಟರಲ್ಲಿ ಪ್ರೋಗ್ರಾಂ ಹೆಸರಿನ ಜಾಗದಲ್ಲಿ ‘ಸಿಸ್ಟಮ್’ ಅಂತ, ಫೈಲ್ ಹೆಸರು ಡಾಲರ್ ಚಿಹ್ನೆಯಿಂದ ಶುರುವಾಗೋ ಲಾಗ್‌ಫೈಲ್, ಎಂಎಫ್‌ಟಿ. ಇದು ಯಾರು? ಮತ್ತೆ ಟೈಮರನ್ನ 1 ನಿಮಿಷಕ್ಕೇ ಇಟ್ಟುಬಿಟ್ಟರೆ ಬಿಸಿ ಕಮ್ಮಿ ಆಗಲ್ವಾ?


ಕೋಟೆಬೀದಿ (ಚಿತ್ರದುರ್ಗ)

1 ನಿಮಿಷ ಬೇಡವೇ ಬೇಡ. ಡಿಸ್ಕ್ ಸವೆಯೋದು ಒಂದೇ ಸಮ ತಿರುಗೋದಕ್ಕಿಂತ ನಿಂತು ಎದ್ದು ಮಾಡೋದರಲ್ಲಿ ಹೆಚ್ಚು. ಎಷ್ಟೋ ಡಿಸ್ಕ್‌ಗಳ ಡೇಟಾಶೀಟಲ್ಲಿ ಸ್ಟಾರ್ಟ್-ಸ್ಟಾಪ್ ಮಿತಿ 50,000 ಅಂತಲೂ, ಹೆಡ್ (ಡಿಸ್ಕ್ ಮೇಲೆ ಓದಿ ಬರೆಯೋ ತುದಿ) ಲೋಡ್-ಅನ್‌ಲೋಡ್ 3 ಲಕ್ಷ ಅಥವಾ 6 ಲಕ್ಷ ಅಂತಲೂ ಇರುತ್ತೆ. ಈಗ ಲೆಕ್ಕ ಹಾಕಿ: ಟೈಮರ್ 3 ನಿಮಿಷ, ಯಾವುದೋ ಪ್ರೋಗ್ರಾಂ 10 ನಿಮಿಷಕ್ಕೊಮ್ಮೆ ಮುಟ್ಟುತ್ತೆ. ಗಂಟೆಗೆ 6 ಸಲ, 11 ಗಂಟೆ ಅಂಗಡಿ ತೆರೆದಿದ್ದರೆ 66, ವರ್ಷಕ್ಕೆ 300 ದಿನ ಅಂದ್ರೆ 19,800. ಎರಡೂವರೆ ವರ್ಷಕ್ಕೆ 50,000 ಮುಗೀತು. ಅದೇ ಡಿಸ್ಕ್ ನಿಲ್ಲದೆ ತಿರುಗಿದ್ದರೆ ಈ ಸವೆತವೇ ಇಲ್ಲ. ಹಾಗಾಗಿ ಕಳ್ಳ ಸಿಗೋವರೆಗೆ ಟೈಮರ್ ಇಳಿಸಬಾರದು. ಸಿಕ್ಕ ಮೇಲೂ 15ರಿಂದ 20 ನಿಮಿಷ ಸಾಕು.

ಕರೆಂಟ್ ಬಿಲ್ಲಿಗೋಸ್ಕರ ಅಂತಂತೂ ಮಾಡಬೇಡಿ. 3.5 ಇಂಚಿನ ಡಿಸ್ಕ್ ಸುಮ್ಮನೆ ತಿರುಗೋಕೆ 5 ವಾಟ್ ಆಸುಪಾಸು. 11 ಗಂಟೆ, ತಿಂಗಳಿಗೆ 26 ದಿನ, ಒಂದೂವರೆ ಯೂನಿಟ್ ಕೂಡ ಆಗಲ್ಲ. ನಿಜವಾದ ಕಾರಣ ಬಿಸಿ. ಬಹಳಷ್ಟು ಡಿಸ್ಕ್‌ಗಳಿಗೆ 60 ಡಿಗ್ರಿ ಮೇಲಿನ ಮಿತಿ, 50ರ ಒಳಗಿದ್ದರೆ ಒಳ್ಳೇದು. ಏಪ್ರಿಲ್‌ನಲ್ಲಿ ನಮ್ಮ ಕಡೆ ಶೀಟ್ ಛಾವಣಿ ಅಂಗಡಿಯೊಳಗೆ ಪ್ಲಾಸ್ಟಿಕ್ ಡಬ್ಬಿಯ ಡಿಸ್ಕ್ ಆ 50ನ್ನ ಸಲೀಸಾಗಿ ಮುಟ್ಟಬಹುದು. ಡಬ್ಬಿ ನೆಟ್ಟಗೆ ನಿಲ್ಲೋ ವಿನ್ಯಾಸದ್ದಾದರೆ ನೆಟ್ಟಗೇ ಇಡಿ, ಮೇಲೆ ಬಿಲ್ ಪುಸ್ತಕ ಪೇರಿಸಬೇಡಿ, ಮಾನಿಟರ್ ಹಿಂದಿನ ಸಂದಿಗೆ ತುರುಕಬೇಡಿ. ಸ್ಮಾರ್ಟ್ ಪಟ್ಟಿಯಲ್ಲಿ ಸಿ2 ಅನ್ನೋ ಸಾಲು ಉಷ್ಣತೆ, 04 ಸ್ಟಾರ್ಟ್-ಸ್ಟಾಪ್ ಎಣಿಕೆ, ಸಿ1 ಲೋಡ್ ಎಣಿಕೆ. 04ರ ಅಂಕಿ ಇವತ್ತು ಬರೆದಿಟ್ಟು ಒಂದು ವಾರ ಬಿಟ್ಟು ನೋಡಿ. ದಿನಕ್ಕೆ ಹತ್ತರ ಒಳಗೆ ಏರಿದ್ದರೆ ಆರಾಮ್.

‘ಸಿಸ್ಟಮ್’ ಅಂದ್ರೆ ಕರ್ನಲ್, ವಿಂಡೋಸ್‌ನ ಒಳತಿರುಳು. ಡಾಲರ್ ಚಿಹ್ನೆಯವು ಎನ್‌ಟಿಎಫ್‌ಎಸ್ (ಡಿಸ್ಕಲ್ಲಿ ಫೈಲುಗಳನ್ನ ಜೋಡಿಸಿಡೋ ವಿಂಡೋಸ್‌ನ ಫೈಲ್ ಸಿಸ್ಟಮ್) ತನ್ನ ಲೆಕ್ಕ ಬರೆದಿಡೋ ಫೈಲುಗಳು. ಅದು ತಾನಾಗಿ ಬರೆಯಲ್ಲ, ಬೇರೆ ಯಾರೋ ಮಾಡಿದ ಕೆಲಸದ ಲೆಕ್ಕ ಬರೀತಿದೆ. ಆ ‘ಯಾರೋ’ ಹಿಡಿಯೋಕೆ ಸುಲಭದ ದಾರಿ: ಎಫ್: ಅನ್ನ ಸೇಫ್ಲಿ ರಿಮೂವ್ ಕೊಡಿ. ‘ಬಳಕೆಯಲ್ಲಿದೆ’ ಅಂತ ನಿರಾಕರಿಸಿದರೆ ಇವೆಂಟ್ ವ್ಯೂವರ್ → ವಿಂಡೋಸ್ ಲಾಗ್ಸ್ → ಸಿಸ್ಟಮ್ ಒಳಗೆ ಕರ್ನಲ್-ಪಿಎನ್‌ಪಿ, ಇವೆಂಟ್ ಐಡಿ 225 ಹುಡುಕಿ. ಯಾವ ಪ್ರೋಗ್ರಾಂ ಬಿಡಲಿಲ್ಲ ಅಂತ ಅದರ ಪೂರ್ತಿ ವಿಳಾಸ ಅಲ್ಲೇ ಬರೆದಿರುತ್ತೆ. ಇದು ಸಿಗದಿದ್ದರೆ ಮೈಕ್ರೋಸಾಫ್ಟ್‌ನದೇ ಸಿಸ್‌ಇಂಟರ್ನಲ್ಸ್‌ನ ಪ್ರೊಸೆಸ್ ಮಾನಿಟರ್ ಹಾಕಿ, ಫಿಲ್ಟರಲ್ಲಿ ಪಾತ್ → ಬಿಗಿನ್ಸ್ ವಿತ್ → ಎಫ್: ಕೊಟ್ಟು ಹತ್ತು ನಿಮಿಷ ಬಿಡಿ.


ಸೋಲ್ಡರ್_ಅಣ್ಣ (ದಾವಣಗೆರೆ)

ಸಾಫ್ಟ್‌ವೇರ್ ಎಲ್ಲ ಸರಿ ಮಾಡಿದ ಮೇಲೂ ನಿಲ್ಲದ ಡಿಸ್ಕ್ ಇರ್ತಾವೆ, ಅದು ಡಬ್ಬಿಯೊಳಗಿನ ಬೋರ್ಡಿನ ವಿಷಯ. ಹೊರಗಿನ ಡಿಸ್ಕ್ ಅಂದ್ರೆ ಡಿಸ್ಕ್ ಒಂದೇ ಅಲ್ಲ, ಯುಎಸ್‌ಬಿ ಮಾತನ್ನ ಡಿಸ್ಕಿಗೆ ತಿಳಿಯೋ ಸಾಟಾ ಮಾತಿಗೆ ತಿರುಗಿಸೋ ಒಂದು ಬ್ರಿಡ್ಜ್ ಚಿಪ್ ಮಧ್ಯೆ ಐತೆ. ವಿಂಡೋಸ್ ‘ನಿಲ್ಲು’ ಅಂತ ಕಳಿಸಿದ್ದನ್ನ ಆ ಚಿಪ್ ಡಿಸ್ಕಿಗೆ ದಾಟಿಸಬೇಕು. ಕೆಲವು ದಾಟಿಸ್ತಾವೆ, ಕೆಲವು ನುಂಗಿಬಿಡ್ತಾವೆ, ಇನ್ನು ಕೆಲವು ವಿಂಡೋಸ್ ಮಾತೇ ಕೇಳದೆ ತಮ್ಮ ಫರ್ಮ್‌ವೇರಲ್ಲಿರೋ ಟೈಮರಿನಂತೆ ನಡೀತಾವೆ. ಜೆಎಂಎಸ್ 578 ಥರದ ಚಿಪ್‌ನಲ್ಲಿ ಫರ್ಮ್‌ವೇರ್ ಬದಲಾದರೆ ನಿಲ್ಲೋ ರೀತಿಯೇ ಬದಲಾಗತ್ತೆ.

ಡಿವೈಸ್ ಮ್ಯಾನೇಜರಲ್ಲಿ ನೋಡ್ರಿ. ‘ಯುಎಸ್‌ಬಿ ಅಟ್ಯಾಚ್ಡ್ ಎಸ್‌ಸಿಎಸ್‌ಐ’ ಅಂತ ಇದ್ದರೆ ಯುಎಎಸ್ ಅನ್ನೋ ಹೊಸ ಡ್ರೈವರ್, ಬರೀ ‘ಯುಎಸ್‌ಬಿ ಮಾಸ್ ಸ್ಟೋರೇಜ್’ ಅಂತ ಇದ್ದರೆ ಹಳೇದು. ಡ್ರೈವರ್ ಬದಲಾದರೆ ಅದೇ ಡಬ್ಬಿ ಬೇರೆ ಥರ ಆಡಬಹುದು. ಬ್ರಾಂಡೆಡ್ ಡಿಸ್ಕಾದರೆ ಕಂಪನಿಯ ಯುಟಿಲಿಟಿ ಹಾಕಿ ನೋಡ್ರಿ: ವೆಸ್ಟರ್ನ್ ಡಿಜಿಟಲ್‌ನ ಡ್ರೈವ್ ಯುಟಿಲಿಟೀಸಲ್ಲಿ ಸ್ಲೀಪ್ ಟೈಮರ್ ಐತೆ, ಅಲ್ಲಿ ಇಟ್ಟಿದ್ದು ಡಿಸ್ಕಿನೊಳಗೇ ಉಳಿಯತ್ತೆ, ಬೇರೆ ಕಂಪ್ಯೂಟರಿಗೆ ಹಾಕಿದರೂ ನಡೀತದೆ.

ಎಫ್: ಅನ್ನ ಮುಂದಿನ ಪೋರ್ಟಿಂದ ಇವತ್ತೇ ತೆಗೀರಿ. ಯುಎಸ್‌ಬಿ 2 ಪೋರ್ಟ್ ಕೊಡೋದು 500 ಮಿಲಿಆಂಪ್, ಯುಎಸ್‌ಬಿ 3 ಆದರೆ 900. 2.5 ಇಂಚಿನ ಡಿಸ್ಕ್ ನಿಂತಿದ್ದು ಮತ್ತೆ ತಿರುಗೋಕೆ ಶುರು ಮಾಡೋ ಆ ಒಂದೆರಡು ಸೆಕೆಂಡು 1 ಆಂಪ್ ಹತ್ತಿರ ಎಳೀತದೆ. ಮುಂದಿನ ಪೋರ್ಟಿಗೆ ಕ್ಯಾಬಿನೆಟ್ ಒಳಗಿನ ತೆಳು ವೈರು ಬೇರೆ, ಅಲ್ಲೇ ವೋಲ್ಟೇಜ್ ಬೀಳತ್ತೆ. ತಿರುಗ್ತಾನೇ ಇದ್ದಾಗ ಇದು ಗೊತ್ತಾಗಲ್ಲ. ನೀವು ನಿದ್ದೆ ಸರಿ ಮಾಡಿದ ಮೇಲೆ ಗೊತ್ತಾಗತ್ತೆ: ಎಬ್ಬಿಸಿದಾಗ ಟಿಕ್ ಟಿಕ್ ಅನ್ನತ್ತೆ, ಡ್ರೈವ್ ಮಾಯ ಆಗಿ ಮತ್ತೆ ಬರತ್ತೆ, ಬರೀತಿದ್ದ ಫೈಲು ಹಾಳು. ಹಿಂದಿನ ಪೋರ್ಟಿಗೆ, ಮೊಳಕ್ಕಿಂತ ಉದ್ದ ಇಲ್ಲದ ಕೇಬಲ್ ಹಾಕ್ರಿ. ಎಕ್ಸ್‌ಟೆನ್ಷನ್ ಕೇಬಲ್ ಬೇಡ.

ಇ: ಅಡಾಪ್ಟರ್ ಯುಪಿಎಸ್ ಮೇಲೆ ಐತಾ? ಬಹಳ ಕಡೆ ಸಿಪಿಯು, ಮಾನಿಟರ್ ಯುಪಿಎಸ್‌ಗೆ ಹಾಕಿ ಡಿಸ್ಕಿನ ಅಡಾಪ್ಟರ್ ಮಾತ್ರ ಗೋಡೆ ಸಾಕೆಟ್ಟಿಗೆ ಸಿಕ್ಕಿಸಿರ್ತಾರೆ. ಕರೆಂಟ್ ಹೋದಾಗ ಕಂಪ್ಯೂಟರ್ ಬದುಕಿರತ್ತೆ, ಡಿಸ್ಕ್ ಮಾತ್ರ ಬರೀತಾ ಬರೀತಾ ಸಾಯ್ತದೆ. ಹೆಡ್ಡು ತುರ್ತಾಗಿ ಹಿಂದೆ ಸರಿಯೋದು ಮಾಮೂಲಿ ಪಾರ್ಕಿಂಗಿಗಿಂತ ಜಾಸ್ತಿ ಸವೆತ.


ಆಲೂರಹಟ್ಟಿ_ಮ್ಯಾಕ್ (ಚಿತ್ರದುರ್ಗ)

ಮ್ಯಾಕ್ ಇಟ್ಟುಕೊಂಡವರೂ ಓದ್ತಿರಬಹುದು ಅಂತ ಸಂಕ್ಷಿಪ್ತವಾಗಿ: ಸಿಸ್ಟಮ್ ಸೆಟ್ಟಿಂಗ್ಸ್ → ಎನರ್ಜಿ, ಲ್ಯಾಪ್‌ಟಾಪಾದರೆ ಬ್ಯಾಟರಿ → ಆಪ್ಷನ್ಸ್, ಅಲ್ಲಿ ‘ಪುಟ್ ಹಾರ್ಡ್ ಡಿಸ್ಕ್ಸ್ ಟು ಸ್ಲೀಪ್ ವೆನ್ ಪಾಸಿಬಲ್’. ನಿಮಿಷ ಎಷ್ಟು ಅಂತ ಅಲ್ಲಿ ಕಾಣಲ್ಲ, ಟರ್ಮಿನಲಲ್ಲಿ ‘ಪಿಎಂಸೆಟ್’ಗೆ ಮೈನಸ್ ‘ಜಿ’ ಕೊಟ್ಟರೆ ‘ಡಿಸ್ಕ್‌ಸ್ಲೀಪ್’ ಸಾಲಲ್ಲಿ ಬರುತ್ತೆ. ಅಪ್‌ಗ್ರೇಡ್ ಆದ ಮೇಲೆ ಮ್ಯಾಕ್‌ನಲ್ಲಿ ಎಬ್ಬಿಸಿಡೋದು ಹೆಚ್ಚಾಗಿ ಸ್ಪಾಟ್‌ಲೈಟ್, ಅದರ ಹುಡುಕಾಟ. ಸ್ಪಾಟ್‌ಲೈಟ್ ಪ್ರೈವಸಿಗೆ ಆ ಡಿಸ್ಕ್ ಎಳೆದು ಹಾಕಿ. ಟೈಮ್ ಮಷೀನ್ (ಮ್ಯಾಕ್‌ನ ಬ್ಯಾಕಪ್) ಡಿಸ್ಕ್ ಆದರೆ ಗಂಟೆಗೊಮ್ಮೆ ಏಳೋದು ಅದರ ಕೆಲಸವೇ.

ಲಿನಕ್ಸ್‌ನಲ್ಲಿ ಎಚ್‌ಡಿಪಾರ್ಮ್ ಕಮಾಂಡ್, ದೊಡ್ಡ ‘ಎಸ್’ ಆಯ್ಕೆ. ಅಂಕಿ ನಿಮಿಷ ಅಲ್ಲ: 1ರಿಂದ 240ರವರೆಗೆ ಒಂದೊಂದಕ್ಕೂ 5 ಸೆಕೆಂಡ್, ಅಂದ್ರೆ 120 ಕೊಟ್ಟರೆ 10 ನಿಮಿಷ. 241ಕ್ಕೆ ನೇರ 30 ನಿಮಿಷಕ್ಕೆ ಹಾರುತ್ತೆ. ಬ್ರಿಡ್ಜ್ ಚಿಪ್ ಕೇಳದಿದ್ದರೆ ಎಚ್‌ಡಿ-ಐಡಲ್ ಅನ್ನೋ ಪ್ರೋಗ್ರಾಂ ಹಾಕಿ.


ಬೆಣ್ಣೆದೋಸೆ_ಬಿಟ್ (ದಾವಣಗೆರೆ)

ಶಟ್‌ಡೌನ್ ಆದ ಮೇಲೂ ಲೈಟ್ ಉರಿಯೋದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಮದರ್‌ಬೋರ್ಡ್ ಆಫ್ ಆಗಿದ್ದಾಗಲೂ ಯುಎಸ್‌ಬಿಗೆ 5 ವೋಲ್ಟ್ ಬಿಡ್ತಾ ಇದೆ. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗೋ ಮೊದಲು ತೆರೆಯೋ ಮದರ್‌ಬೋರ್ಡ್ ಸೆಟ್ಟಿಂಗ್) ಇಆರ್‌ಪಿ ಅಥವಾ ಇಆರ್‌ಪಿ ರೆಡಿ ಅಂತ, ಆಫ್ ಇದ್ದಾಗ ಕರೆಂಟ್ ಉಳಿಸೋ ಆಯ್ಕೆ ಇರುತ್ತೆ, ಎನೇಬಲ್ ಮಾಡಿ. ಅದಾದ ಮೇಲೆ ಕೀಬೋರ್ಡ್ ಒತ್ತಿ ಆನ್ ಮಾಡೋದು, ನೆಟ್‌ವರ್ಕಿಂದ ಎಬ್ಬಿಸೋದು ನಡೆಯಲ್ಲ, ಅಷ್ಟೆ ನಷ್ಟ.

ಜೊತೆಗೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ: ಪವರ್ ಆಪ್ಷನ್ಸ್ → ಚೂಸ್ ವಾಟ್ ದ ಪವರ್ ಬಟನ್ಸ್ ಡು → ಮೇಲಿನ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಒತ್ತಿ, ಟಿಕ್ ತೆಗೀರಿ. ಅದು ಆನ್ ಇದ್ದಾಗ ಶಟ್‌ಡೌನ್ ಅಂದ್ರೆ ಅರ್ಧ ಹೈಬರ್ನೇಟ್. ಎಫ್: ಅನ್ನ ಇಜೆಕ್ಟ್ ಮಾಡದೆ ಕಿತ್ತು ಗಿರಾಕಿ ಲ್ಯಾಪ್‌ಟಾಪಿಗೆ ಹಾಕಿ ಏನಾದರೂ ಬರೆದು ವಾಪಸ್ ತಂದು ಹಾಕಿದರೆ ಫೈಲ್ ಸಿಸ್ಟಮ್ ಕೆಡೋ ಅಪಾಯ ಇದೆ.

ಇ: ಗೆ ನನ್ನ ಸಲಹೆ ಟೈಮರ್‌ಗಿಂತ ಒಂದು ಹೆಜ್ಜೆ ಮುಂದೆ. ಬ್ಯಾಕಪ್ ಡಿಸ್ಕ್ ಸದಾ ಕಾಣ್ತಾ ಇರಬೇಕಾಗಿಯೇ ಇಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಕೆಳಗಡೆ ಎಡಕ್ಕೆ ‘ಡಿಸ್ಕ್ 1’, ‘ಡಿಸ್ಕ್ 2’ ಅಂತ ಬೂದು ಚೌಕ ಇರುತ್ತಲ್ಲ, ಅದರ ಮೇಲೆ ರೈಟ್ ಕ್ಲಿಕ್ → ಆಫ್‌ಲೈನ್. ಸೈಜ್ 7450 ಜಿಬಿ ಹತ್ತಿರ ತೋರಿಸೋದೇ ನಿಮ್ಮ 8 ಟಿಬಿ, ಅದನ್ನ ನೋಡಿಕೊಂಡೇ ಒತ್ತಿ. ಡ್ರೈವ್ ಅಕ್ಷರ ಹೋಗುತ್ತೆ, ಡೇಟಾ ಎಲ್ಲೂ ಹೋಗಲ್ಲ. ಇಂಡೆಕ್ಸರ್, ಫೈಲ್ ಮ್ಯಾನೇಜರ್ ಯಾವುದಕ್ಕೂ ಅದು ಕಾಣಲ್ಲ, ಮುಟ್ಟೋರಿಲ್ಲದೆ ಟೈಮರ್ ಮುಗಿದಾಗ ನಿಲ್ಲುತ್ತೆ. ಬೇಕಾದಾಗ ಅಲ್ಲೇ ಆನ್‌ಲೈನ್. ಲಾಭ ಇನ್ನೊಂದು: ಅವಸರದಲ್ಲಿ ತಪ್ಪಿ ಬ್ಯಾಕಪ್ ಫೋಲ್ಡರ್ ಡಿಲೀಟ್ ಆಗೋದು ತಪ್ಪುತ್ತೆ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ರ್‍ಯಾನ್ಸಮ್‌ವೇರಿಗೆ ಮಾತ್ರ ಇದು ಪೂರ್ತಿ ತಡೆ ಅಲ್ಲ, ಅದಕ್ಕೆ ವೈರ್ ಕಿತ್ತಿಡೋದೇ ಮದ್ದು.


ಪಿಜೆ_ಸ್ಟುಡಿಯೊ (ದಾವಣಗೆರೆ)

ಎಫ್: ಕಳ್ಳ ಸಿಕ್ಕ, ಇವೆಂಟ್ 225ರಲ್ಲಿ ಹೆಸರಿತ್ತು. ಆಲ್ಬಮ್ ಡಿಸೈನ್ ಸಾಫ್ಟ್‌ವೇರಿನ ಹಿನ್ನೆಲೆ ಸರ್ವಿಸ್, ಅದರ ಪ್ರಿವ್ಯೂ ಕ್ಯಾಶ್ ಎಫ್: ಮೇಲಿತ್ತು. ಎಸ್‌ಎಸ್‌ಡಿಗೆ ಬದಲಾಯಿಸಿದ ಮೇಲೆ 20 ನಿಮಿಷಕ್ಕೆ ನಿಲ್ತಾ ಇದೆ. ಹಿಂದಿನ ಪೋರ್ಟಿಗೂ ಹಾಕಿದೆ. ಇಆರ್‌ಪಿ ಎನೇಬಲ್ ಮಾಡಿದ ಮೇಲೆ ರಾತ್ರಿ ಲೈಟ್ ಆರುತ್ತೆ. ಇ: ಅಡಾಪ್ಟರ್ ಗೋಡೆಗೇ ಇತ್ತು, ಯುಪಿಎಸ್‌ಗೆ ಹಾಕಿದೆ.

ಒಂದು ಉಳಿದಿದೆ. ಎಸ್‌ಎಸ್‌ಡಿ ಮೇಲಿನ ಫೈಲನ್ನೇ ಸೇವ್ ಆ್ಯಸ್ ಕೊಟ್ಟರೂ ಎಂಟು ಹತ್ತು ಸೆಕೆಂಡು ಪರದೆ ಹಿಡಿದುಕೊಳ್ಳುತ್ತೆ, ಹಿಂದೆಯೇ ಡಿಸ್ಕ್ ತಿರುಗೋ ಸದ್ದು. ಆ ಡಿಸ್ಕಿಗೂ ಈ ಫೈಲಿಗೂ ಸಂಬಂಧವೇ ಇಲ್ವಲ್ಲ?


ಕೋಟೆಬೀದಿ (ಚಿತ್ರದುರ್ಗ)

ಸೇವ್ ಕಿಟಕಿ ತೆರೆದಾಗ ಎಡಗಡೆ ಪಟ್ಟಿಯಲ್ಲಿ ಎಲ್ಲ ಡ್ರೈವ್‌ಗಳ ಹೆಸರು, ಖಾಲಿ ಜಾಗ ತೋರಿಸೋಕೆ ವಿಂಡೋಸ್ ಒಂದೊಂದನ್ನೂ ಕೇಳುತ್ತೆ. ಮಲಗಿದ್ದ ಡಿಸ್ಕ್ ಪೂರ್ತಿ ವೇಗಕ್ಕೆ ಬಂದು ಉತ್ತರ ಕೊಡೋವರೆಗೆ ಕಿಟಕಿ ಕಾಯುತ್ತೆ. ದೋಷ ಅಲ್ಲ, ನಿಲ್ಲೋ ಡಿಸ್ಕ್ ಇದ್ದ ಕಡೆ ಇದು ಇದ್ದೇ ಇರುತ್ತೆ. ಇ: ಆಫ್‌ಲೈನ್ ಮಾಡಿದ್ದರೆ ಅದರಿಂದ ಆಗೋ ತಡ ಇಲ್ಲ. ಕ್ವಿಕ್ ಆ್ಯಕ್ಸೆಸ್‌ನಲ್ಲಿ, ಇತ್ತೀಚಿನ ಫೈಲುಗಳ ಪಟ್ಟಿಯಲ್ಲಿ ಎಫ್: ನ ಫೋಲ್ಡರ್ ಪಿನ್ ಆಗಿದ್ದರೆ ತೆಗೀರಿ, ಸ್ವಲ್ಪ ಕಮ್ಮಿ ಆಗುತ್ತೆ. ಕೆಲಸದ ಹೊತ್ತಲ್ಲಿ ಕಿರಿಕಿರಿ ಅನಿಸಿದರೆ ಎಫ್: ಗೋಸ್ಕರ ಟೈಮರ್ 45 ನಿಮಿಷಕ್ಕೆ ಏರಿಸಿ. ಆ ಟೈಮರ್ ಎಲ್ಲ ಡಿಸ್ಕಿಗೂ ಒಂದೇ, ಬೇರೆ ಬೇರೆ ಇಡೋಕೆ ಬರಲ್ಲ. ಆದರೆ ಇ: ಬರೀ ಬ್ಯಾಕಪ್ ಹೊತ್ತಲ್ಲಿ ಆನ್‌ಲೈನ್ ಬರೋದಾದರೆ 45 ಆದರೂ ಅದಕ್ಕೇನೂ ಬಾಧೆ ಇಲ್ಲ.